ಹಿಪ್‌ಬೆಲ್ಟು, ಸೀಟ್‌ಬೆಲ್ಟು ಮತ್ತು ಸೊಂಟದ ಪಿಸ್ತೂಲು

ಡೆನ್ವರ್‌ನಿಂದ ಹೆಚ್ಚುಕಡಿಮೆ ಒಂದೂವರೆ ತಾಸು ಕಾರಿನಲ್ಲಿ ಹೋದರೆ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್. ನನ್ನ ಜೊತೆ ಬೆಟ್ಟ ಹತ್ತುವ ಗೆಳೆಯ ಕೊಲರಾಡೋದಲ್ಲೇ ಹುಟ್ಟಿ ಬೆಳೆದವನು, ಪಿಸ್ತೂಲಿಗೆ ಪರ್ಮಿಟ್ ಇಟ್ಟುಕೊಂಡವನು. ಒಂದು ಬೆಳಗ್ಗೆ ಪಾರ್ಕಿಂಗ್ ಜಾಗದಲ್ಲಿ ಅವನು ಹದಿನೈದು ಕಿಲೋ ಚೀಲವನ್ನು ಬೆನ್ನಿಗೇರಿಸಿ ಹಿಪ್‌ಬೆಲ್ಟಿನ ಬಕಲ್ ಹಾಕಿದ, ಮರುಕ್ಷಣ ಮುಖ ಕಿವುಚಿದ. ಬಲಸೊಂಟದ ಎಲುಬಿನ ಮೇಲೆ ಪಿಸ್ತೂಲು, ಪಿಸ್ತೂಲಿನ ಮೇಲೆ ಚೀಲದ ಅಷ್ಟೂ ಭಾರ. ಬಕಲ್ ಬಿಚ್ಚಿ, ಡಿಕ್ಕಿ ತೆರೆದು, ಈಗ ಇದನ್ನು ಎಲ್ಲಿಡಲಿ ಅಂತ ಎರಡು ನಿಮಿಷ ಸುಮ್ಮನೆ ನಿಂತ.

ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವವರು ಬಹಳ ಜನ. ಅಂಗಿಯೊಳಗೆ ಕಾಣದಂತೆ ಇಟ್ಟುಕೊಳ್ಳುವುದಕ್ಕೆ ಕನ್ಸೀಲ್ಡ್ ಕ್ಯಾರಿ ಅನ್ನುತ್ತಾರೆ. ಊರೊಳಗೆ, ಬೇಕಾದ ಬಟ್ಟೆ ಹಾಕಿಕೊಂಡು ಓಡಾಡುವವನಿಗೆ ಇದು ಬಗೆಹರಿದ ವಿಷಯ. ಕಷ್ಟ ಶುರುವಾಗುವುದು ಎರಡು ಕಡೆ: ಕಾಡುದಾರಿಯಲ್ಲಿ ಮತ್ತು ಡ್ರೈವರ್ ಸೀಟಿನಲ್ಲಿ. ಎರಡರಲ್ಲೂ ಪಿಸ್ತೂಲು ಕೂರುವ ಜಾಗಕ್ಕೇ ಸರಿಯಾಗಿ ಒಂದು ಬೆಲ್ಟು ಬಂದು ಕೂರುತ್ತದೆ. ಆಗ ಪಿಸ್ತೂಲು ಮೈಬಿಟ್ಟು ಚೀಲಕ್ಕೆ, ಡ್ಯಾಶ್‌ಬೋರ್ಡಿಗೆ, ಸೀಟಿನಡಿಗೆ ಹೋಗುತ್ತದೆ. ಅನಾಹುತಗಳ ಕಥೆ ಕೇಳಿದರೆ ಹೆಚ್ಚಿನವು ಹೀಗೆ ಅದು ಮೈಬಿಟ್ಟ ಗಳಿಗೆಯಲ್ಲೇ ಶುರುವಾಗಿರುತ್ತವೆ.

ಮೊದಲು ಒರೆಯ ಮಾತು. ಹೋಲ್‌ಸ್ಟರ್ ಅಂದರೆ ಪಿಸ್ತೂಲಿನ ಒರೆ. ಇವತ್ತಿನ ಪಿಸ್ತೂಲುಗಳಲ್ಲಿ ಹಲವಕ್ಕೆ ಹೊರಗಡೆ ಸೇಫ್ಟಿ ಗುಂಡಿ ಇರುವುದಿಲ್ಲ. ಗ್ಲಾಕ್ ಅದರ ದೊಡ್ಡ ಉದಾಹರಣೆ. ಅದರ ಕುದುರೆಯನ್ನು, ಅಂದರೆ ಟ್ರಿಗರನ್ನು, ಎರಡೂವರೆ ಕಿಲೋ ಬಲದಲ್ಲಿ ಎಳೆದರೆ ಗುಂಡು ಹಾರುತ್ತದೆ, ಎಳೆದದ್ದು ಬೆರಳೋ ಬೀಗದ ಕೈಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒರೆಯ ಮೊದಲ ಕೆಲಸ ಅಡಗಿಸುವುದಲ್ಲ, ಕುದುರೆಯನ್ನು ಪೂರ್ತಿ ಮುಚ್ಚುವುದು. ತಲೆಕೆಳಗಾದರೂ ಪಿಸ್ತೂಲನ್ನು ಬೀಳಗೊಡದಿರುವುದು ಎರಡನೆಯದು. ಕಾಣದಿರುವುದು, ಕೈಗೆ ಸಿಗುವುದು ಎಲ್ಲ ಆಮೇಲೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕನ್ನು ಕಾಯಿಸಿ, ಒಂದೊಂದು ಮಾದರಿಯ ಪಿಸ್ತೂಲಿಗೂ ಅಚ್ಚು ಹಾಕಿದಂತೆ ಒತ್ತಿ ಮಾಡುವ ಒರೆಗಳು ಈ ಕಾರಣಕ್ಕೇ ಮಾರುಕಟ್ಟೆ ತುಂಬಿವೆ. ಯಾವ ಪಿಸ್ತೂಲಾದರೂ ಹಿಡಿಸುತ್ತದೆ ಅನ್ನುವ ಮೆತ್ತನೆ ಬಟ್ಟೆಯ ಒರೆಯನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ. ಬಟ್ಟೆ ಮಡಚಿಕೊಂಡು ಕುದುರೆಯ ಸಂದಿಗೆ ಹೊಕ್ಕರೆ ಮುಗಿಯಿತು.

ಊರಿನಲ್ಲಿ ಸಾಮಾನ್ಯವಾಗಿ ಪ್ಯಾಂಟಿನೊಳಗೆ, ಬಲಸೊಂಟದ ಸ್ವಲ್ಪ ಹಿಂದೆ ಸಿಕ್ಕಿಸುತ್ತಾರೆ. ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವುದು ರೂಢಿ: ಹೊಕ್ಕುಳು ಹನ್ನೆರಡು ಗಂಟೆ, ಬಲಸೊಂಟ ಮೂರು, ಅದರ ಹಿಂದೆ ನಾಲ್ಕು. ಹೊಟ್ಟೆಯ ಮುಂದೆ ಒಂದು ಗಂಟೆಯ ಜಾಗದಲ್ಲಿ ಇಟ್ಟುಕೊಳ್ಳುವುದು ಈಚೆಗೆ ಹೆಚ್ಚು ಜನಪ್ರಿಯ. ಹೊಸಬರು ನಳಿಗೆ ಉದ್ದವಾದರೆ ಕಾಣಿಸುತ್ತದೆ ಅಂದುಕೊಳ್ಳುತ್ತಾರೆ. ನಳಿಗೆ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ. ಅಂಗಿಯನ್ನು ಹೊರಕ್ಕೆ ದಬ್ಬುವುದು ಹಿಡಿಕೆ. ಬಗ್ಗಿ ಶೂ ಲೇಸ್ ಕಟ್ಟುವಾಗ ಬೆನ್ನ ಹಿಂದೆ ಮೂಲೆಯೊಂದು ಎದ್ದು ನಿಲ್ಲುತ್ತದಲ್ಲ, ಅದಕ್ಕೆ ಇಲ್ಲಿಯವರು ಪ್ರಿಂಟಿಂಗ್ ಅನ್ನುತ್ತಾರೆ. 2018ರಲ್ಲಿ ಬಂದ ಸಿಗ್ ಸೌರ್ ಪಿ365 ಗೆದ್ದದ್ದು ಇದೇ ಕಾರಣಕ್ಕೆ: ಗಿಡ್ಡ ಹಿಡಿಕೆಯಲ್ಲಿ 9 ಎಂಎಂನ ಹತ್ತು ತೋಟೆ ಹಿಡಿಸಿದರು. ಅಲ್ಲಿಯವರೆಗೆ ಅಷ್ಟು ಸಣ್ಣ ಪಿಸ್ತೂಲಿನಲ್ಲಿ ಆರೇಳು ಸಿಕ್ಕರೆ ಹೆಚ್ಚು.

ಈಗ ಇದೇ ಮನುಷ್ಯನ ಬೆನ್ನಿಗೆ ಚೀಲ ಏರಿಸಿ. ಟ್ರೆಕ್ಕಿಂಗ್ ಚೀಲದ ಭಾರವೆಲ್ಲ ಹೆಗಲ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಹಿಪ್‌ಬೆಲ್ಟ್ ಇರುವುದೇ ಅದಕ್ಕೆ. ಮೂರು ಗಂಟೆ, ನಾಲ್ಕು ಗಂಟೆಯ ಜಾಗ ಅದರ ಪಾಲಾಯಿತು. ಪಿಸ್ತೂಲು ಅಡಿಯಲ್ಲಿ ಸಿಕ್ಕಿಕೊಂಡರೆ ಮೈ ಉಜ್ಜಿ ಗಾಯವಾಗುವುದಷ್ಟೇ ಅಲ್ಲ, ಬೇಕಾದಾಗ ಕೈಗೂ ಬರುವುದಿಲ್ಲ. ಹಾಗಂತ ಚೀಲದೊಳಗೆ ಹಾಕಿದರೆ? ಮಳೆಕೋಟು, ಸ್ಟವ್ವು, ಚಪಾತಿ ಡಬ್ಬಿಗಳ ನಡುವೆ ಹುಡುಕಿ ತೆಗೆಯುವಷ್ಟರಲ್ಲಿ ಕರಡಿ ಬಂದು ವಿಚಾರಿಸಿಕೊಂಡು ಹೋಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಚೀಲವನ್ನು ನಾವು ದಿನಕ್ಕೆ ಹತ್ತು ಸಲ ಇಳಿಸುತ್ತೇವೆ, ಕಲ್ಲಿಗೆ ಒರಗಿಸಿ ಹಳ್ಳಕ್ಕೆ ನೀರು ತುಂಬಲು ಹೋಗುತ್ತೇವೆ, ಮಕ್ಕಳಿಗೆ ಬಿಸ್ಕತ್ತು ತಗೊಳ್ಳಿ ಅನ್ನುತ್ತೇವೆ. 2014ರ ಡಿಸೆಂಬರ್ 30ರಂದು ಐಡಾಹೋದ ಹೇಡನ್ ಊರಿನ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಿಂದ ಪಿಸ್ತೂಲು ಎಳೆದು ಹಾರಿಸಿ, ತಾಯಿ ಅಲ್ಲೇ ತೀರಿಕೊಂಡಳು. ಪರ್ಮಿಟ್ ಇತ್ತು. ಚೀಲವೂ ಪಿಸ್ತೂಲಿಗೆಂದೇ ಪ್ರತ್ಯೇಕ ಜಿಪ್ ಇಟ್ಟು ಹೊಲಿದದ್ದಾಗಿತ್ತು.

ಹಾಗಾದರೆ ಉಳಿದ ಜಾಗ ಎದೆ. ಅಲಾಸ್ಕಾದ ಮೀನುಗಾರರು, ಬೇಟೆ ಗೈಡುಗಳು ಬಹಳ ಹಿಂದಿನಿಂದ ಎದೆಯ ಮೇಲೆ ಅಡ್ಡವಾಗಿ ಕಟ್ಟಿಕೊಳ್ಳುವ ಒರೆ ಬಳಸುತ್ತಾರೆ. ಪಟ್ಟಿ ಹೆಗಲ ಮೇಲೆ ಹಾದು ಬೆನ್ನಲ್ಲಿ ಸೇರುತ್ತದೆ, ಚೀಲದ ಬೆಲ್ಟಿಗೆ ತಾಗುವುದಿಲ್ಲ, ಸೊಂಟದ ಮಟ್ಟದ ಹೊಳೆ ದಾಟಿದರೂ ಪಿಸ್ತೂಲು ಒದ್ದೆಯಾಗುವುದಿಲ್ಲ. ಆದರೆ ಇದು ಎಲ್ಲರಿಗೂ ಕಾಣುತ್ತದೆ. ಕಾಣಬಾರದು ಅನ್ನುವವರಿಗೆ ಅದೇ ಜಾಗದಲ್ಲಿ ಪುಟ್ಟ ಎದೆಚೀಲ ಸಿಗುತ್ತದೆ. ನೋಡಿದವರು ಕ್ಯಾಮರಾನೋ ಬೈನಾಕ್ಯುಲರೋ ಅಂದುಕೊಳ್ಳುತ್ತಾರೆ. ಒಳಗೆ ಪಿಸ್ತೂಲಿಗೆ ಬೇರೆಯೇ ಅರೆ, ಅದರಲ್ಲಿ ಕುದುರೆ ಮುಚ್ಚುವ ಗಟ್ಟಿ ಒರೆ. ಆ ಅರೆಗೆ ಬೇರೇನೂ ಹಾಕಬಾರದು, ಚ್ಯೂಯಿಂಗ್ ಗಮ್ ಕೂಡ. ಹಗುರ ಚೀಲದ ಅರ್ಧ ದಿನದ ನಡಿಗೆಯಾದರೆ ಸೊಂಟದ ಮುಂದೆ ಕಟ್ಟುವ ಫ್ಯಾನಿ ಪ್ಯಾಕ್ ಸಾಕು. ನಮ್ಮ ಅಜ್ಜಂದಿರ ಎಲೆಯಡಿಕೆ ಸಂಚಿಯ ಹಾಗೆ, ಮೈಬಿಟ್ಟು ಇಳಿಸುವ ಪ್ರಸಂಗವೇ ಬರುವುದಿಲ್ಲ. ಗೆಳೆಯ ಅವತ್ತು ಚೀಲ ಭಾರವಿದ್ದರೂ ಡಿಕ್ಕಿಯಿಂದ ಕೊನೆಗೆ ಎತ್ತಿಕೊಂಡದ್ದು ಇದನ್ನೇ.

ಇನ್ನೊಂದು ಸಣ್ಣ ವಿಷಯ, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಚಳಿಬೆಟ್ಟದ ಜಾಕೆಟ್ಟುಗಳ ಅಂಚಿನಲ್ಲಿ ಬಿಗಿಮಾಡುವ ದಾರ ಇರುತ್ತದೆ, ಅದರ ತುದಿಗೆ ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡಿ. ಪಿಸ್ತೂಲನ್ನು ಒರೆಗೆ ಮರಳಿಸುವಾಗ ಈ ಗುಂಡಿ ಒಳಗೆ ನುಸುಳಿ ಕುದುರೆಗೆ ಸಿಕ್ಕಿಕೊಂಡರೆ, ಒತ್ತಿ ಕೂರಿಸುವ ನಿಮ್ಮ ಕೈಯೇ ಗುಂಡು ಹಾರಿಸಿದ ಹಾಗೆ, ಅದೂ ನಿಮ್ಮ ತೊಡೆಗೆ. ಅದಕ್ಕೇ ತರಬೇತಿ ಕೊಡುವವರು ಹೇಳುವುದು: ಹೊರತೆಗೆಯಲು ಅವಸರವಿರಬಹುದು, ಒಳಗಿಡಲು ಯಾವತ್ತೂ ಇಲ್ಲ. ನೋಡಿಕೊಂಡು ಇಡಿ. ಇನ್ನೂ ಒಳ್ಳೆಯದೆಂದರೆ ಮನೆಯಲ್ಲೇ ಒರೆಯ ಸಮೇತ ಕಟ್ಟಿಕೊಂಡು, ಒರೆಯ ಸಮೇತವೇ ಬಿಚ್ಚುವುದು.

ಯಾವುದಕ್ಕೆ ಹೆದರಿ ಇದೆಲ್ಲ ಅಂತ ಕೇಳಬೇಕಾದ್ದೇ. ಕರಡಿ ಅನ್ನುತ್ತಾರೆ ಬಹಳ ಜನ. ಕೊಲರಾಡೋದಲ್ಲಿ ಇರುವುದು ಕಪ್ಪು ಕರಡಿ, ಸಾಮಾನ್ಯವಾಗಿ ಕೂಗಿದರೆ ಓಡುತ್ತದೆ. ಗ್ರಿಜ್ಲಿ ಇರುವುದು ಯೆಲ್ಲೊಸ್ಟೋನ್, ಮೊಂಟಾನಾ, ಅಲಾಸ್ಕಾ ಕಡೆ. ಅಲ್ಲಿಗೆ ಹೋಗುವವರು 10 ಎಂಎಂ ಪಿಸ್ತೂಲೋ .44 ಮ್ಯಾಗ್ನಂ ರಿವಾಲ್ವರೋ ಒಯ್ಯುತ್ತಾರೆ. ಎರಡೂ ಭಾರ, ಎರಡೂ ಕೈಗೆ ಒದೆಯುತ್ತವೆ. ಬೇಕೇ ಬೇಕಾ? ಅಲಾಸ್ಕಾದ ಕರಡಿ ಘಟನೆಗಳನ್ನು ಕಲೆಹಾಕಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಎರಡು ಅಧ್ಯಯನ ಪ್ರಕಟಿಸಿದ್ದಾರೆ. 2008ರದ್ದು ಕರಡಿ ಸ್ಪ್ರೇ, ಅಂದರೆ ಕರಡಿಯ ಮುಖಕ್ಕೆ ಹಾರಿಸುವ ಖಾರದ ಸ್ಪ್ರೇ ಬಗ್ಗೆ: ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಒಯ್ದಿದ್ದವರಲ್ಲಿ ಶೇ. 98 ಮಂದಿಗೆ ಗಾಯವಾಗಲಿಲ್ಲ. 2012ರದ್ದು ಬಂದೂಕಿನ ಬಗ್ಗೆ: 269 ಘಟನೆಗಳಲ್ಲಿ ಕೈಬಂದೂಕು ಶೇ. 84, ಉದ್ದ ಬಂದೂಕು ಶೇ. 76 ಸಲ ಕರಡಿಯನ್ನು ತಡೆದವು. ಆದರೆ ಬಂದೂಕು ಇದ್ದವರ ಪೈಕಿ ಅದನ್ನು ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ಅಧ್ಯಯನಗಳ ಘಟನೆಗಳು ಒಂದೇ ಬಗೆಯವಲ್ಲ, ಹಾಗಾಗಿ 98 ದೊಡ್ಡದೋ 84 ದೊಡ್ಡದೋ ಅಂತ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಆದರೂ ನನ್ನನ್ನು ಕೇಳಿದರೆ ಸ್ಪ್ರೇ. ಸ್ಪ್ರೇ ಮೋಡದ ಹಾಗೆ ಹರಡುತ್ತದೆ, ಗುರಿ ಅಷ್ಟು ನೆಟ್ಟಗಿರಬೇಕಿಲ್ಲ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಪ್ರಾಣಿಯ ಮುಂದೆ ಕೈ ನಡುಗದೆ ಗುರಿ ಹಿಡಿಯುವವರು ಎಷ್ಟು ಮಂದಿ? ತಮಾಷೆಯೆಂದರೆ ಯೊಸೆಮಿಟಿ ಪಾರ್ಕಿನಲ್ಲಿ ಕರಡಿ ಸ್ಪ್ರೇಗೇ ನಿಷೇಧ.

ಪಾರ್ಕಿನೊಳಗೆ ಪಿಸ್ತೂಲು ಬಿಡುತ್ತಾರಾ ಅಂದರೆ, 2010ರ ಫೆಬ್ರವರಿ 22ರಿಂದ ಬಿಡುತ್ತಾರೆ. ಅದಕ್ಕೆ ಮುಂಚೆ ತೋಟೆ ತೆಗೆದು, ಕೈಗೆ ಸಿಗದ ಹಾಗೆ ಕಟ್ಟಿಡಬೇಕಿತ್ತು. ಈ ಬದಲಾವಣೆ ಬಂದದ್ದು ಕ್ರೆಡಿಟ್ ಕಾರ್ಡ್ ಗ್ರಾಹಕರ ರಕ್ಷಣೆಗೆಂದು 2009ರಲ್ಲಿ ಮಾಡಿದ ಕಾನೂನಿನ ಬಾಲಕ್ಕೆ ಕಟ್ಟಿಕೊಂಡು. ಅಮೆರಿಕದ ಸಂಸತ್ತಿನಲ್ಲಿ ಇಂಥ ಚೋದ್ಯಗಳು ನಡೆಯುತ್ತಿರುತ್ತವೆ. ಈಗಿನ ನಿಯಮ ಇಷ್ಟೇ: ಪಾರ್ಕು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾನೂನು. ಯೆಲ್ಲೊಸ್ಟೋನ್ ಮೂರು ರಾಜ್ಯಗಳಲ್ಲಿ ಹರಡಿದೆ ಅನ್ನುವುದು ನೆನಪಿರಲಿ. ಆದರೆ ಪಾರ್ಕಿನ ವಿಸಿಟರ್ ಸೆಂಟರ್, ರೇಂಜರ್ ಕಚೇರಿ ಇವೆಲ್ಲ ಕೇಂದ್ರ ಸರ್ಕಾರದ ಕಟ್ಟಡ, ಒಳಗೆ ಪಿಸ್ತೂಲು ಒಯ್ದರೆ ಅಪರಾಧ. ನಕ್ಷೆ ತಗೊಳ್ಳೋಕೆ, ಶೌಚಕ್ಕೆ ಒಳಗೆ ಹೋಗಬೇಕಾದರೆ ಅದನ್ನು ಕಾರಿನಲ್ಲಿ ಬಿಡಬೇಕು. ಅಲ್ಲಿಗೆ ಕಾರಿನ ಅಧ್ಯಾಯ ಶುರು.

ಅಮೆರಿಕದ ಕಾರುಗಳಲ್ಲಿ ಸ್ಟಿಯರಿಂಗ್ ಎಡಗಡೆ. ಡ್ರೈವರಿನ ಸೀಟ್‌ಬೆಲ್ಟ್ ಎಡಹೆಗಲಿನಿಂದ ಇಳಿದು ಬಲಸೊಂಟದ ಪಕ್ಕ ಬಕಲಿಗೆ ಸಿಕ್ಕುತ್ತದೆ. ಬಲಗೈಯವನ ಪಿಸ್ತೂಲು ಇರುವುದೂ ಅಲ್ಲೇ. ಅಂಗಿಯಂಚು ಬೆಲ್ಟಿನಡಿ ಸಿಕ್ಕಿ ಬಿಗಿಯಾಗಿರುತ್ತದೆ, ಸೀಟಿನ ಬೆನ್ನು ಹಿಡಿಕೆಯನ್ನು ಒತ್ತುತ್ತದೆ, ತಾಸುಗಟ್ಟಲೆ ಓಡಿಸಿದರೆ ಸೊಂಟ ಮರಗಟ್ಟುತ್ತದೆ. ಹೊಟ್ಟೆಯ ಮುಂದೆ ಇಟ್ಟುಕೊಂಡವನಿಗೆ ತೆಗೆಯಲು ಸಲೀಸು, ಆದರೆ ಅಪಘಾತವಾದರೆ ಸೀಟ್‌ಬೆಲ್ಟ್ ಆ ಕಬ್ಬಿಣವನ್ನೇ ಕಿಬ್ಬೊಟ್ಟೆಗೆ ಒತ್ತುತ್ತದೆ. ಈ ಕಿರಿಕಿರಿ ತಾಳಲಾರದೆ ಜನ ಕೂತ ಕೂಡಲೇ ಪಿಸ್ತೂಲು ತೆಗೆದು ಕಪ್ ಹೋಲ್ಡರಿಗೋ, ಬಾಗಿಲ ಅರೆಗೋ, ತೊಡೆಯಡಿಗೋ ಇಡುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ಅದು ಪೆಡಲ್ ಸಂದಿಯಲ್ಲಿ. ಸ್ಟಿಯರಿಂಗ್ ಕೆಳಗೆ ಅಂಟಿಸಿಕೊಳ್ಳುವ ಆಯಸ್ಕಾಂತಗಳೂ ಮಾರಾಟಕ್ಕಿವೆ. ಕುದುರೆ ಪೂರ್ತಿ ಬಯಲು, ಮೇಲಾಗಿ ಅನೇಕ ಕಾರುಗಳಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಅಲ್ಲಿಂದಲೇ. ಇದನ್ನು ಕೊಳ್ಳುವವರ ಧೈರ್ಯ ಮೆಚ್ಚಬೇಕು.

ಒಟ್ಟಿನಲ್ಲಿ ಕಾರಿನಲ್ಲೂ ಪಿಸ್ತೂಲು ಮೈಮೇಲೆ, ಒರೆಯಲ್ಲೇ ಇರುವುದು ವಾಸಿ. ಬೆಲ್ಟ್ ಹಾಕಿದ ಮೇಲೆ ಅಂಗಿಯಂಚನ್ನು ಬೆಲ್ಟಿನ ಮೇಲಕ್ಕೆ ಎಳೆದುಕೊಂಡರೆ ಕಾಣುವುದೂ ಇಲ್ಲ, ಸಿಕ್ಕಿಕೊಳ್ಳುವುದೂ ಇಲ್ಲ. ಕಾರು ಬಿಟ್ಟು ಹೋಗುವಾಗ ಬಿಡಲೇಬೇಕಾದರೆ, ಸೀಟಿನ ಕಬ್ಬಿಣದ ಕಾಲಿಗೆ ಉಕ್ಕಿನ ಕೇಬಲ್ ಸುತ್ತಿ ಬೀಗ ಹಾಕುವ ಪುಟ್ಟ ಪೆಟ್ಟಿಗೆ. ಕೊಲರಾಡೋದಲ್ಲಿ 2025ರ ಜನವರಿಯಿಂದ ಇದು ಕಾನೂನೇ: ಯಾರೂ ಇಲ್ಲದ ಕಾರಿನಲ್ಲಿ ಕೈಬಂದೂಕು ಬಿಟ್ಟರೆ ಗಟ್ಟಿ ಪೆಟ್ಟಿಗೆಯಲ್ಲಿ, ಬೀಗ ಹಾಕಿ, ಕಣ್ಣಿಗೆ ಬೀಳದ ಹಾಗೆ ಇಟ್ಟು, ಕಾರಿಗೂ ಬೀಗ ಹಾಕಿರಬೇಕು. ಪೆಟ್ಟಿಗೆಗೆ ಹಾಕುವ ಕೆಲಸವನ್ನು ಟ್ರೇಲಿನ ಪಾರ್ಕಿಂಗಿನಲ್ಲಿ ನಾಲ್ಕು ಜನರ ಎದುರು ಮಾಡಬಾರದು. ಟ್ರೇಲಿಗೆ ಹೋದವರು ಆರೇಳು ತಾಸು ಬರುವುದಿಲ್ಲ ಅಂತ ಕಳ್ಳರಿಗೂ ಗೊತ್ತು. ಕಾರಿನ ಹಿಂಗಾಜಿಗೆ ಬಂದೂಕು ಕಂಪನಿಯ ಸ್ಟಿಕರ್ ಅಂಟಿಸಿಕೊಳ್ಳುವವರು ಅವರಿಗೆ ಆಮಂತ್ರಣ ಪತ್ರಿಕೆ ಕೊಟ್ಟಂತೆ. 2015ರ ಜುಲೈ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಡಲ ಕಟ್ಟೆಯ ಮೇಲೆ ತಂದೆಯ ಜೊತೆ ಅಡ್ಡಾಡುತ್ತಿದ್ದ ಯುವತಿಯೊಬ್ಬಳ ಪ್ರಾಣ ತೆಗೆದ ಪಿಸ್ತೂಲು, ಅದಕ್ಕೆ ನಾಲ್ಕು ದಿನ ಮೊದಲು ಕೇಂದ್ರ ಸರ್ಕಾರದ ರೇಂಜರ್ ಒಬ್ಬರ ಕಾರಿನಿಂದ ಕಳುವಾದದ್ದು.

ಪೊಲೀಸರು ಕಾರು ನಿಲ್ಲಿಸಿದರೆ? ಕಾಣದಂತೆ ಇಟ್ಟುಕೊಳ್ಳುವುದು ಬೇರೆ, ಪೊಲೀಸರಿಂದ ಮುಚ್ಚಿಡುವುದು ಬೇರೆ. ಮಿಶಿಗನ್‌ನಂಥ ಕೆಲವು ರಾಜ್ಯಗಳಲ್ಲಿ ಪಿಸ್ತೂಲಿದೆ ಅಂತ ಪರ್ಮಿಟ್‌ದಾರ ತಾನೇ ಕೂಡಲೇ ಹೇಳಬೇಕು, ಕೆಲವೆಡೆ ಕೇಳಿದರೆ ಹೇಳಿದರೆ ಸಾಕು. ಬಲ್ಲವರು ಕಲಿಸುವ ಕ್ರಮ ಒಂದೇ: ಗಾಡಿ ಆಫ್ ಮಾಡಿ, ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಹೇಳುವುದನ್ನು ನಿಧಾನವಾಗಿ ಹೇಳಿ, ಮುಂದೇನು ಮಾಡಲಿ ಅಂತ ಅವರನ್ನೇ ಕೇಳುವುದು. ಲೈಸೆನ್ಸನ್ನೂ ಪಿಸ್ತೂಲನ್ನೂ ಒಂದೇ ಗ್ಲವ್‌ಬಾಕ್ಸಿನಲ್ಲಿ ಇಡಬಾರದು ಅನ್ನುವುದೂ ಇದಕ್ಕೇ. ಇಷ್ಟಾದರೂ ಖಾತ್ರಿಯಿಲ್ಲ. 2016ರ ಜುಲೈ 6ರಂದು ಮಿನೆಸೊಟಾದಲ್ಲಿ ಫಿಲ್ಯಾಂಡೋ ಕಾಸ್ಟೀಲ್ ಎಂಬ ಕರಿಯ ವ್ಯಕ್ತಿ, ನನ್ನ ಬಳಿ ಬಂದೂಕಿದೆ ಅಂತ ತಾನಾಗಿ, ಮರ್ಯಾದೆಯಿಂದಲೇ ಹೇಳಿದ. ಪರ್ಮಿಟ್ ಇತ್ತು. ಕೆಲವೇ ಕ್ಷಣಗಳಲ್ಲಿ ಪೊಲೀಸ್ ಅಧಿಕಾರಿ ಏಳು ಗುಂಡು ಹಾರಿಸಿದ. ಮರುವರ್ಷ ಜ್ಯೂರಿ ಅಧಿಕಾರಿಯನ್ನು ಬಿಡುಗಡೆ ಮಾಡಿತು. ಮೈಬಣ್ಣ ಕಂದಾಗಿರುವ ನಮ್ಮಂಥವರು ಈ ಪ್ರಕರಣವನ್ನು ಓದಿಕೊಂಡೇ ಪರ್ಮಿಟ್ ಅರ್ಜಿ ತುಂಬುವುದು ಒಳ್ಳೆಯದು.

ರಾಜ್ಯದ ಗಡಿಯದು ಇನ್ನೊಂದು ಗೋಜಲು. ವರ್ಮಾಂಟ್ ಎಂದೂ ಪರ್ಮಿಟ್ ಕೇಳಿದ್ದೇ ಇಲ್ಲ. 2024ರ ಹೊತ್ತಿಗೆ ಪರ್ಮಿಟ್ ಬೇಡ ಅನ್ನುವ ರಾಜ್ಯಗಳು 29 ಆಗಿದ್ದವು. ಇನ್ನೊಂದು ತುದಿಯಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ. ವಿಶೇಷ ಕಾರಣ ತೋರಿಸಿದರೆ ಮಾತ್ರ ಪರ್ಮಿಟ್ ಅನ್ನುವ ನ್ಯೂಯಾರ್ಕಿನ ಹಳೇ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2022ರ ಬ್ರೂಯನ್ ತೀರ್ಪಿನಲ್ಲಿ ಹೊಡೆದುಹಾಕಿತು, ಆದರೂ ಅರ್ಜಿ, ತರಬೇತಿ, ನಿಷೇಧಿತ ಜಾಗಗಳ ಪಟ್ಟಿ ಉಳಿದೇ ಇವೆ. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕೆಂದೇನಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಪೆನ್ಸಿಲ್ವೇನಿಯಾದ ಪರ್ಮಿಟ್ ನಂಬಿಕೊಂಡು ಪಕ್ಕದ ನ್ಯೂಜೆರ್ಸಿಗೆ ಕಾರು ಓಡಿಸಿದಳು. ಪೊಲೀಸರು ನಿಲ್ಲಿಸಿದಾಗ ಪಿಸ್ತೂಲಿದೆ ಅಂತ ತಾನೇ ಹೇಳಿದಳು, ಜೈಲು ಸೇರಿದಳು. ಮೂರೂವರೆ ವರ್ಷದ ಕಡ್ಡಾಯ ಶಿಕ್ಷೆ ತಲೆಮೇಲೆ ತೂಗುತ್ತಿತ್ತು. 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟ ಮೇಲೆ ಪ್ರಕರಣ ಪೂರ್ತಿ ಮುಗಿಯಿತು. ಜಾರ್ಜಿಯಾದಿಂದ ಮೇನ್‌ವರೆಗಿನ ಅಪಲೇಚಿಯನ್ ಟ್ರೇಲ್ 14 ರಾಜ್ಯ ದಾಟುತ್ತದೆ, ನ್ಯೂಜೆರ್ಸಿಯೂ ಅದರಲ್ಲೊಂದು. ಕಾಡಿನಲ್ಲಿ ಗಡಿಯ ಗುರುತು ಎಂದರೆ ಒಂದು ಮರದ ಫಲಕ, ಕಾನೂನು ಮಾತ್ರ ಅಲ್ಲೂ ಅದೇ.

ಕಾರಿನಲ್ಲಿ ಇಂಥ ರಾಜ್ಯ ದಾಟಿ ಹೋಗುವವರಿಗೆ 1986ರ ಕೇಂದ್ರ ಕಾನೂನೊಂದು ದಾರಿ ಬಿಟ್ಟಿದೆ. ಹೊರಟ ಕಡೆಯೂ ತಲುಪುವ ಕಡೆಯೂ ಪಿಸ್ತೂಲು ಒಯ್ಯುವುದು ಕಾನೂನುಬದ್ಧವಾಗಿರಬೇಕು, ತೋಟೆ ತೆಗೆದಿರಬೇಕು, ಪಿಸ್ತೂಲಾಗಲಿ ತೋಟೆಯಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ; ಗ್ಲವ್‌ಬಾಕ್ಸ್, ಕನ್ಸೋಲ್ ಲೆಕ್ಕಕ್ಕಿಲ್ಲ. ಇನ್ನೊಂದು ತೊಡಕು ಶಾಲೆಯದು. ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ಕೂಡದು ಅನ್ನುತ್ತದೆ ಕೇಂದ್ರದ ಕಾನೂನು, ಆ ರಾಜ್ಯದ ಪರ್ಮಿಟ್ ಇದ್ದವರಿಗೆ ವಿನಾಯಿತಿ. ಅಂದರೆ ಪರ್ಮಿಟ್ಟೇ ಬೇಡ ಅನ್ನುವ ರಾಜ್ಯದಲ್ಲಿ ಪರ್ಮಿಟ್ ಮಾಡಿಸದೆ, ಸೊಂಟದಲ್ಲಿ ತುಂಬಿದ ಪಿಸ್ತೂಲಿಟ್ಟುಕೊಂಡು ಶಾಲೆಯ ಮುಂದಿನ ರಸ್ತೆಯಲ್ಲಿ ಹೋದವನು ಕಾಗದದ ಮೇಲೆ ಅಪರಾಧಿ! ಬೇಡ ಅಂದರೂ ಹಲವರು ಪರ್ಮಿಟ್ ಮಾಡಿಸುವುದು ಇದಕ್ಕೇ. ಸಿಯಾಟಲ್‌ನಿಂದ ವ್ಯಾಂಕೂವರ್‌ಗೆ ವಾರಾಂತ್ಯಕ್ಕೆ ಹೋಗುವವರಂತೂ ಪಿಸ್ತೂಲನ್ನು ಮನೆಯಲ್ಲೇ ಬಿಡಬೇಕು. ಕೆನಡಾ ಇಲ್ಲಿನ ಯಾವ ಪರ್ಮಿಟ್ಟನ್ನೂ ಮಾನ್ಯ ಮಾಡುವುದಿಲ್ಲ.

ನಮ್ಮ ದೇಶದಲ್ಲಿ ಹೇಗೆ ಅಂತ ಕೇಳುವವರಿಗೆ ಎರಡು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಸಿಗುವುದೇ ಕಷ್ಟ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೋಕಿಗೆ, ಅಂದರೆ ಕೋವಿಗೆ, ಪೂಜೆ ಮಾಡುವ ಮನೆಯವರೂ ಅದನ್ನು ಹೆಗಲಿಗೇರಿಸಿ ಕುಮಾರಪರ್ವತ ಹತ್ತುವ ಹಾಗಿಲ್ಲ: ಅದು ಪುಷ್ಪಗಿರಿ ಅಭಯಾರಣ್ಯ, ಅನುಮತಿಯಿಲ್ಲದೆ ಆಯುಧದೊಂದಿಗೆ ಒಳಹೋಗುವುದನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸುತ್ತದೆ.

ಅಮೆರಿಕಕ್ಕೆ ಹೊಸದಾಗಿ ಬಂದ ಹುಡುಗರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ. ಕೆಲಸಕ್ಕೆ ಬಂದವರ ಎಚ್-1ಬಿ ಆಗಲಿ, ವಿದ್ಯಾರ್ಥಿಗಳ ಎಫ್-1 ಆಗಲಿ, ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದಿರುವುದೇ ಕೇಂದ್ರದ ಕಾನೂನಿನಲ್ಲಿ ಅಪರಾಧ, 2022ರ ತಿದ್ದುಪಡಿಯ ನಂತರ ಗರಿಷ್ಠ 15 ವರ್ಷ ಸೆರೆ. ರಾಜ್ಯ ಪರ್ಮಿಟ್ ಬೇಡ ಅಂದರೂ ಇದು ತಪ್ಪಿದ್ದಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಬಂದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಹೊಂದಿರುವುದು ಅಂದರೆ ಹೆಸರಲ್ಲಿರುವುದು ಅಂತ ಬಹಳ ಜನ ತಿಳಿದಿದ್ದಾರೆ. ಕೈಯಲ್ಲಿ ಹಿಡಿದರೂ ಆಯಿತು. ಗೊತ್ತಿದ್ದೂ ನಿಮ್ಮ ಸುಪರ್ದಿನ ಕಾರಿನಲ್ಲಿ ಇಟ್ಟುಕೊಂಡರೂ ಆಯಿತು.

ಅವತ್ತು ಬೆಟ್ಟ ಇಳಿದು ಬಂದಾಗ ಗೆಳೆಯನಿಗೆ ಮೊಣಕಾಲು ಹಿಡಿದುಕೊಂಡಿತ್ತು. ನಮ್ಮ ಜೊತೆಗಿದ್ದ ದಾವಣಗೆರೆಯ ಹುಡುಗ, ಎಚ್-1ಬಿ ಬಂದು ಇನ್ನೂ ಎಂಟು ತಿಂಗಳು, ನಾನು ಓಡಿಸ್ತೀನಿ ಕೊಡಿ ಅಂತ ಕೈಚಾಚಿದ. ಗೆಳೆಯ ಕೀಲಿಯನ್ನು ನನ್ನ ಕೈಗೆ ಹಾಕಿ, ಸೊಂಟದ ಪಿಸ್ತೂಲಿನ ಸಂಚಿ ಬಿಚ್ಚದೆ, ಪಕ್ಕದ ಸೀಟಿನಲ್ಲಿ ಕೂತ.